ಹೊಸ ನೀರಿನ ಮೀಟರ್ ಬರುವ ಮೊದಲು ಹಳೆಯದರ ಮುಚ್ಚಳ ತೆರೆದು ನೋಡಿ

"ಹೊಸ ಮೀಟರ್ ಹಾಕಿದ ಮೇಲೆ ಬಿಲ್ ಡಬ್ಬಲ್ ಆಯ್ತು, ಮೀಟರೇ ಸರಿ ಇಲ್ಲ ಅಲ್ವಾ?" ಈ ಪ್ರಶ್ನೆ ಮಂಗಳೂರಿನಿಂದಲೂ ಬರುತ್ತದೆ, ಉಡುಪಿಯಿಂದಲೂ ಬರುತ್ತದೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸಲ ಮೀಟರ್ ಸರಿಯೇ ಇರುತ್ತದೆ. ಹಳೇ ಮೀಟರ್ ಕಣ್ಣು ಮುಚ್ಚಿ ಬಿಟ್ಟಿದ್ದ ಸೋರಿಕೆಯನ್ನು ಹೊಸದು ಲೆಕ್ಕಕ್ಕೆ ಹಿಡಿಯುತ್ತದೆ, ಅಷ್ಟೆ. ಇದು ಮೀಟರ್ ಬದಲಾಗುವ ಮೊದಲು ಗೊತ್ತಾದರೆ ಒಬ್ಬ ಪ್ಲಂಬರ್‌ನ ಅರ್ಧ ದಿನದ ಕೂಲಿಯಲ್ಲಿ ಮುಗಿಯುತ್ತದೆ. ಆಮೇಲೆ ಗೊತ್ತಾದರೆ ಬಿಲ್ಲೂ ಕಟ್ಟಬೇಕು, ಪ್ಲಂಬರ್‌ಗೂ ಕೊಡಬೇಕು, ಕಚೇರಿಗೆ ನಾಲ್ಕು ಸಲ ಅಲೆಯಲೂ ಬೇಕು.

ಮೀಟರ್ ಬಗ್ಗೆ ಈಗ ಯಾಕೆ ಇಷ್ಟು ಮಾತು? ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಉಡುಪಿಗೆ ಬಹುಕಾಲದಿಂದ ಆಸರೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು. ಮಳೆ ತಡವಾದರೆ ಎರಡೂ ಬತ್ತುತ್ತವೆ. 2019ರ ಬೇಸಿಗೆಯಲ್ಲಿ ಪಾಳಿ ಪ್ರಕಾರ ನೀರು ಬಿಟ್ಟದ್ದು, ಟ್ಯಾಂಕರ್ ಹಿಂದೆ ಓಡಿದ್ದು ಯಾರೂ ಮರೆತಿರಲಿಕ್ಕಿಲ್ಲ. ಎಡಿಬಿ, ಅಂದರೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಜಲಸಿರಿ ನೀರಿನ ಯೋಜನೆ ಮಂಗಳೂರು, ಉಡುಪಿ, ಪುತ್ತೂರು, ಕುಂದಾಪುರಕ್ಕೆ ಬಂದದ್ದು ದಿನದ 24 ಗಂಟೆಯೂ ನೀರು ಕೊಡಬೇಕೆಂಬ ಲೆಕ್ಕದಲ್ಲಿ. ಆ ಲೆಕ್ಕ ನಿಲ್ಲಬೇಕಾದರೆ ಮನೆಮನೆಯಲ್ಲೂ ಸರಿಯಾದ ಮೀಟರ್ ಬೇಕು.

ಇದರಲ್ಲಿ ಯಾರೂ ಬಿಡಿಸಿ ಹೇಳದ ಒಂದು ಸಂಗತಿ ಉಂಟು. ಎರಡು ದಿನಕ್ಕೊಮ್ಮೆ ನಾಲ್ಕು ಗಂಟೆ ನೀರು ಬರುವ ಮನೆಯಲ್ಲಿ, ಮೀಟರ್‌ನಿಂದ ಸಂಪಿಗೆ, ಅಂದರೆ ನೆಲದೊಳಗಿನ ನೀರಿನ ತೊಟ್ಟಿಗೆ ಹೋಗುವ ಪೈಪು ತೂತಾಗಿದ್ದರೂ ಸೋರುವುದು ಆ ನಾಲ್ಕು ಗಂಟೆ ಮಾತ್ರ. ಅದೇ ಪೈಪಿನಲ್ಲಿ ಹಗಲೂ ರಾತ್ರಿ ನೀರು ಒತ್ತಿಕೊಂಡು ನಿಂತರೆ ಅದೇ ತೂತು 24 ಗಂಟೆಯೂ ಸೋರುತ್ತದೆ. ಮೀಟರ್ ಹೊಸದು, ನೀರೂ ಹೊಸ ಥರ ಬರುತ್ತದೆ. ಪೈಪು ಮಾತ್ರ ಅಪ್ಪನ ಕಾಲದ್ದು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಹಳೇ ಬಿಲ್ಲುಗಳು, ಮೊಬೈಲ್ ಕ್ಯಾಮೆರಾ, ಟಾರ್ಚ್, ಒಂದು ಚೀಟಿ, 20 ಲೀಟರ್‌ನ ಕುಡಿಯುವ ನೀರಿನ ಕ್ಯಾನ್.

1. ಮೀಟರ್ ಯಾವ ಥರದ್ದು ನೋಡಿ

ಗೇಟಿನ ಹತ್ತಿರದ ಗುಂಡಿಯ ಮುಚ್ಚಳ ಎತ್ತಿ. ಇರುವೆ ಗೂಡು, ಬಸವನಹುಳು ಇರುತ್ತವೆ, ಕೈ ಹಾಕುವ ಮೊದಲು ಟಾರ್ಚ್ ಬಿಡಿ. ಗಾಜಿನ ಒಳಗೆ ಹನಿ ಕಟ್ಟಿ ಅಂಕಿ ಕಾಣದಿದ್ದರೆ ಆ ಮೀಟರ್‌ನ ಆಯುಸ್ಸು ಮುಗಿಯುತ್ತಾ ಬಂದಿದೆ ಅಂತ ಅರ್ಥ. ನಮ್ಮ ಮಳೆಗೆ ಇದು ಮಾಮೂಲು.

ಹಳೇ ಮನೆಗಳಲ್ಲಿ ಹೆಚ್ಚಾಗಿ ಇರುವುದು ಮಲ್ಟಿಜೆಟ್ ಮೀಟರ್. ಒಳಗೊಂದು ಸಣ್ಣ ಚಕ್ರ, ಅದರ ಸುತ್ತ ಹಲವು ತೂತುಗಳಿಂದ ನೀರು ಬಂದು ಚಕ್ರವನ್ನು ತಿರುಗಿಸುತ್ತದೆ. ಚಕ್ರ ಎಷ್ಟು ಸುತ್ತಿತೋ ಅಷ್ಟು ನೀರು. ಹೊಸದರಲ್ಲಿ ಎರಡು ಥರ. ಒಂದು, ಇದೇ ಚಕ್ರದ ಮೀಟರ್, ಆದರೆ ತಲೆಯ ಮೇಲೆ ರೀಡಿಂಗ್ ಕಳಿಸುವ ರೇಡಿಯೋ ಡಬ್ಬಿ. ಇನ್ನೊಂದು ಅಲ್ಟ್ರಾಸಾನಿಕ್. ಇದರಲ್ಲಿ ತಿರುಗುವ ಭಾಗವೇ ಇಲ್ಲ. ನಮ್ಮ ಕಿವಿಗೆ ಕೇಳದಂಥ ಶಬ್ದವನ್ನು ನೀರಿನ ಹರಿವಿನ ಜೊತೆಗೊಮ್ಮೆ, ಎದುರಿಗೊಮ್ಮೆ ಕಳಿಸಿ, ಎರಡಕ್ಕೂ ಹಿಡಿದ ಸಮಯದ ವ್ಯತ್ಯಾಸದಿಂದ ಹರಿವನ್ನು ಅಳೆಯುತ್ತದೆ.

ಗಾಳಿ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ದಿನ ನಿಂತ ನೀರು ಬಿಟ್ಟಾಗ ನಲ್ಲಿಯಲ್ಲಿ ಮೊದಲು ಬುಸ್ ಅಂತ ಗಾಳಿ ಬರುತ್ತದಲ್ಲ, ಆ ಗಾಳಿಗೂ ಚಕ್ರದ ಮೀಟರ್ ತಿರುಗುತ್ತದೆ. "ಗಾಳಿಗೂ ಬಿಲ್ಲು" ಅನ್ನುವ ದೂರು ಸುಮ್ನೆ ಅಲ್ಲ. ಅಲ್ಟ್ರಾಸಾನಿಕ್ ಮೀಟರ್ ಗಾಳಿಯನ್ನು ನೀರು ಅಂತ ಎಣಿಸುವುದಿಲ್ಲ. ಚಕ್ರದ ಮೀಟರೇ ಇದ್ದು ಗಾಳಿಯ ಕಾಟ ಜಾಸ್ತಿ ಇದ್ದರೆ ಲೈನಿನಲ್ಲಿ ಗಾಳಿಯನ್ನು ಹೊರಗೆ ಬಿಡುವ ಏರ್ ವಾಲ್ವ್ ಹಾಕಲು ಅರ್ಜಿ ಕೊಡಿ. ಮೀಟರ್‌ಗಿಂತ ಹಿಂದಿನ ಪೈಪನ್ನು ನೀವೇ ಕತ್ತರಿಸಲು ಹೋಗಬೇಡಿ, ಅದು ಪಾಲಿಕೆಯದ್ದೋ ನಗರಸಭೆಯದ್ದೋ.

2. ರೀಡಿಂಗ್ ಓದಲು ಕಲಿಯಿರಿ

ಕಪ್ಪು ಅಂಕಿಗಳು ಘನ ಮೀಟರ್. ಒಂದು ಘನ ಮೀಟರ್ ಅಂದರೆ 1,000 ಲೀಟರ್, ಬಿಲ್ಲಿನಲ್ಲಿ ಕಿಲೋಲೀಟರ್ ಅಂತ ಬರೆಯುವುದೂ ಇದನ್ನೇ. ಕೆಂಪು ಅಂಕಿ ಅಥವಾ ಕೆಂಪು ಮುಳ್ಳುಗಳು ಅದಕ್ಕಿಂತ ಸಣ್ಣ ಲೆಕ್ಕ. ಕಪ್ಪಿನಲ್ಲಿ 00347, ಕೆಂಪಿನಲ್ಲಿ 265 ಇದ್ದರೆ ಆ ಮೀಟರ್ ದಾಟಿದ್ದು 3,47,265 ಲೀಟರ್. ಬಿಲ್ಲಿಗೆ ಸಾಧಾರಣವಾಗಿ ಕಪ್ಪು ಅಂಕಿ ಮಾತ್ರ ಹಿಡಿಯುತ್ತಾರೆ. ಕೆಂಪನ್ನೂ ಸೇರಿಸಿ ಬರೆದುಬಿಟ್ಟರೆ ಬಿಲ್ಲು ಸಾವಿರ ಪಟ್ಟು ಆಗುತ್ತದೆ. ಹಾಗಾಗಿ ಎದೆ ಒಡೆಯುವಂಥ ಬಿಲ್ಲು ಬಂದರೆ ಮೊದಲು ಇದನ್ನೇ ನೋಡಿ.

ಅಲ್ಟ್ರಾಸಾನಿಕ್‌ನಲ್ಲಿ ಸಣ್ಣ ಪರದೆ ಇರುತ್ತದೆ. ಕೆಲವು ಮೀಟರ್‌ಗಳಲ್ಲಿ ಒಟ್ಟು ನೀರು, ಈಗಿನ ಹರಿವು, ಎಚ್ಚರಿಕೆ ಗುರುತು ಅಂತ ಒಂದಾದ ಮೇಲೆ ಒಂದು ಬರುತ್ತವೆ. ಒಂದು ಅಂಕಿ ನೋಡಿ ಓಡಬೇಡಿ, ಅರ್ಧ ನಿಮಿಷ ನಿಲ್ಲಿ. ನಲ್ಲಿ ಅಥವಾ ಹನಿಯ ಚಿತ್ರ ಬಿಡದೆ ಕಾಣುತ್ತಿದ್ದರೆ ಹೆಚ್ಚಾಗಿ ಅದು ಸೋರಿಕೆಯ ಗುರುತು.

3. ಸೋರಿಕೆ ಹಿಡಿಯಿರಿ

ಈ ಬರಹದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಮಲ್ಟಿಜೆಟ್ ಮೀಟರ್‌ನ ಮುಖದಲ್ಲಿ ನಕ್ಷತ್ರದ ಆಕಾರದ ಅಥವಾ ತ್ರಿಕೋನದ ಒಂದು ಸಣ್ಣ ಬಿಲ್ಲೆ ಇರುತ್ತದೆ. ಅಂಕಿ ಕದಲದಷ್ಟು ಕಮ್ಮಿ ನೀರಿಗೂ ಇದು ತಿರುಗುತ್ತದೆ. ನೀರು ಬರುವ ಹೊತ್ತಿನಲ್ಲಿ ಸಂಪಿಗೆ ಅಥವಾ ಟ್ಯಾಂಕಿಗೆ ನೀರು ಬೀಳುವ ಜಾಗದ ವಾಲ್ವ್ ಬಂದ್ ಮಾಡಿ, ಅಂಗಳದ ನಲ್ಲಿಯನ್ನೂ ನಿಲ್ಲಿಸಿ. ಈಗ ಮೀಟರ್ ಎದುರು ಕೂತು ಐದು ನಿಮಿಷ ಆ ಬಿಲ್ಲೆಯನ್ನೇ ನೋಡಿ. ತಿರುಗಿತಾ? ಹಾಗಾದರೆ ಮೀಟರ್‌ಗೂ ಸಂಪಿಗೂ ನಡುವೆ ಮಣ್ಣಿನೊಳಗೆ ಎಲ್ಲೋ ಸೋರುತ್ತಿದೆ.

ನಮ್ಮ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲೂ ಬಸಳೆ ಚಪ್ಪರದ ಬುಡ ಹಸಿಯಾಗಿರುತ್ತಿತ್ತು. ಬಸಳೆ ಚೆನ್ನಾಗಿ ಬರುತ್ತದೆ ಅಂತ ಅಮ್ಮನಿಗೆ ಖುಷಿ. ಅಗೆದು ನೋಡಿದರೆ ಹಳೇ ಜಿಐ (ಸತು ಲೇಪದ ಕಬ್ಬಿಣ) ಪೈಪಿನ ತಿರುವಿನ ಜೋಡಣೆ, ಅಂದರೆ ಎಲ್ಬೋ, ತುಕ್ಕು ಹಿಡಿದು ಗುಂಡುಪಿನ್ನಿನಷ್ಟು ತೂತು. ಬಸಳೆಗೆ ತುಂಬೆಯ ನೀರು!

ಬಿಲ್ಲೆ ನಿಂತರೆ ಅಷ್ಟಕ್ಕೇ ಬಿಡಬೇಡಿ, ಸಂಪಿನಿಂದ ಮುಂದಿನದ್ದನ್ನೂ ನೋಡಬೇಕು. ರಾತ್ರಿ ಮಲಗುವ ಮೊದಲು ಟ್ಯಾಂಕಿನಲ್ಲೂ ಸಂಪಿನಲ್ಲೂ ನೀರಿನ ಮಟ್ಟಕ್ಕೆ ಗುರುತು ಹಾಕಿ, ಒಳಗೆ ಬರುವ ವಾಲ್ವ್ ಬಂದ್ ಮಾಡಿ, ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ನೋಡಿ. ಟ್ಯಾಂಕಿನದ್ದು ಇಳಿದಿದ್ದರೆ ಹೆಚ್ಚಾಗಿ ಕಳ್ಳ ಟಾಯ್ಲೆಟ್ ಫ್ಲಶ್. ಫ್ಲಶ್ ತೊಟ್ಟಿಗೆ ಸ್ವಲ್ಪ ಕಾಫಿ ಡಿಕಾಕ್ಷನ್ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕೆಳಗಿನ ನೀರು ಬಣ್ಣ ತಿರುಗಿದರೆ ವಾಷರ್ ಹೋಗಿದೆ. ಸಂಪಿನದ್ದು ಇಳಿದಿದ್ದರೆ ಸಂಪಿಗೆ ಬಿರುಕು. ಇನ್ನೊಂದು, ಸಂಪು ತುಂಬಿದಾಗ ತಾನೇ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ನೀರು ಓವರ್‌ಫ್ಲೋ ಪೈಪಿನಿಂದ ಸೀದಾ ಚರಂಡಿಗೆ ಹೋಗುತ್ತದೆ, ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಸಣ್ಣ ಸೋರಿಕೆಗೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂತೀರಾ? ಹೊಸ ಮೀಟರ್‌ನ ಮೇಲೆ ಕ್ಯೂ3 (Q3) ಅಂತಲೂ, ಆರ್ (R) ಅಕ್ಷರದ ಮುಂದೆ 80 ಅಥವಾ 160 ಅಂತಲೂ ಅಚ್ಚಾಗಿರುತ್ತದೆ. ಕ್ಯೂ3 ಅಂದರೆ ಮೀಟರ್ ಬೇಸರವಿಲ್ಲದೆ ಹೊರುವ ಹರಿವು. ಮನೆಗಳಿಗೆ ಹಾಕುವ ಅರ್ಧ ಇಂಚಿನ, ಅಂದರೆ 15 ಮಿ.ಮೀ. ಮೀಟರ್‌ಗೆ ಸಾಮಾನ್ಯವಾಗಿ ಗಂಟೆಗೆ 2,500 ಲೀಟರ್. ಅದನ್ನು ಆರ್ ಸಂಖ್ಯೆಯಿಂದ ಭಾಗಿಸಿದರೆ, ಆ ಮೀಟರ್ ಭರವಸೆಯಿಂದ ಅಳೆಯುವ ಅತಿ ಕಮ್ಮಿ ಹರಿವು ಸಿಗುತ್ತದೆ. ಆರ್80 ಆದರೆ ಗಂಟೆಗೆ ಸುಮಾರು 31 ಲೀಟರ್, ಆರ್160 ಆದರೆ ಸುಮಾರು 16 ಲೀಟರ್.

ಈಗ ನಿಮ್ಮ ಮನೆಯಲ್ಲಿ ಗಂಟೆಗೆ 20 ಲೀಟರ್ ಸೋರುತ್ತಿದೆ ಅಂದುಕೊಳ್ಳಿ. ಸವೆದ ಹಳೇ ಮೀಟರ್ ಅದನ್ನು ಪೂರ್ತಿ ಹಿಡಿಯುವುದೇ ಇಲ್ಲ. ಆರ್160 ಹಿಡಿಯುತ್ತದೆ. ತಿಂಗಳಿಗೆ 14,400 ಲೀಟರ್! ಸರ್ಕಾರದ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಾಕುತ್ತಾರೆ, ಆ ಪ್ರಕಾರ ನಾಲ್ಕು ಜನರ ಮನೆಗೆ ತಿಂಗಳಿಗೆ ಬೇಕಾಗುವುದು 16,200 ಲೀಟರ್. ಅಂದರೆ ಇನ್ನೊಂದು ಸಂಸಾರವನ್ನೇ ಸಾಕಿದ ಹಾಗೆ. ಡಬ್ಬಲ್ ಬಿಲ್ಲಿನ ಗುಟ್ಟು ಇದು, ಮಾರಾಯ್ರೆ.

4. ಬಾವಿ ಲೈನ್ ಮತ್ತು ಕಾರ್ಪೊರೇಷನ್ ಲೈನ್ ಬೇರೆ ಮಾಡಿ

ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಇದು ಇರುವುದೇ ಇಲ್ಲ, ನಮ್ಮಲ್ಲಿ ಮಾತ್ರ ಮನೆಮನೆಯ ಕಥೆ. ಬಾವಿಯ ಪಂಪಿನ ಪೈಪನ್ನೂ ಕಾರ್ಪೊರೇಷನ್ ಪೈಪನ್ನೂ ಟೀ ಅನ್ನುವ ಮೂರು ಬಾಯಿಯ ಜೋಡಣೆ ಹಾಕಿ ಸೇರಿಸಿ, ಎರಡೂ ಒಂದೇ ಪೈಪಿನಲ್ಲಿ ಟ್ಯಾಂಕಿಗೆ ಹತ್ತುವ ಹಾಗೆ ಮಾಡಿರುತ್ತಾರೆ. ನಡುವೆ ಒಂದು ಗೇಟ್ ವಾಲ್ವ್, ಅದನ್ನು ಮುಚ್ಚಬೇಕಾದ್ದು ಯಾರು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ವಾಲ್ವ್ ತೆರೆದೇ ಇದ್ದು ಬಾವಿಯ ಪಂಪ್ ಹಾಕಿದರೆ, ಬಾವಿ ನೀರು ಮೀಟರ್ ಮೂಲಕ ಹಿಂದಕ್ಕೆ ಬೀದಿಯ ಲೈನಿಗೆ ನುಗ್ಗುತ್ತದೆ. ಮೀಟರ್ ಉಲ್ಟಾ ತಿರುಗಬಹುದು. ರೇಡಿಯೋ ಇರುವ ಹೊಸ ಮೀಟರ್‌ಗಳಲ್ಲಿ ಹೆಚ್ಚಿನವು ಉಲ್ಟಾ ಹರಿವನ್ನು ನೆನಪಿಟ್ಟು ಎಚ್ಚರಿಕೆ ಕಳಿಸುತ್ತವೆ, ಆಗ ನೀವು ಬೇಕೆಂದೇ ಮಾಡಿದಿರಿ ಅಂತ ಆಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಮಳೆಗಾಲದಲ್ಲಿ ನಿಮ್ಮ ಬಾವಿಯ ಕೆಂಪು ನೀರು ಪಕ್ಕದ ಮನೆಯವರ ಕುಡಿಯುವ ನೀರಿಗೆ ಸೇರುತ್ತದೆ.

ಸರಿಯಾದ ದಾರಿ ಎರಡು ಪೈಪನ್ನೂ ಬೇರೆಬೇರೆಯಾಗಿ ಟ್ಯಾಂಕಿಗೆ ಹತ್ತಿಸುವುದು. ಎರಡೂ ಪೈಪಿನ ಬಾಯಿ ಟ್ಯಾಂಕಿನ ನೀರಿಗಿಂತ ಮೇಲಿರಲಿ. ಎನ್‌ಆರ್‌ವಿ, ಅಂದರೆ ನೀರು ಮುಂದಕ್ಕೆ ಮಾತ್ರ ಹೋಗಲು ಬಿಡುವ ವಾಲ್ವ್ ಹಾಕುವುದು ಎರಡನೇ ದಾರಿ. ಆದರೆ ಅದರ ಬಾಯಿಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಮುಚ್ಚುವುದಿಲ್ಲ, ಹಾಗಾಗಿ ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ.

ಕಾರ್ಪೊರೇಷನ್ ಲೈನಿಗೆ ನೇರ ಪಂಪ್ ಕೂರಿಸಿ ಎಳೆಯುವವರೂ ಇದ್ದಾರೆ. ಅದು ನಿಯಮಕ್ಕೆ ವಿರುದ್ಧ. ಅದೂ ಅಲ್ಲದೆ, ಪಂಪ್ ಗಾಳಿಯನ್ನೂ ಎಳೆದು ಮೀಟರ್ ತಿರುಗಿಸುತ್ತದೆ, ನಿಮ್ಮ ಬಿಲ್ಲೇ ಏರುತ್ತದೆ.

5. ಮೀಟರ್ ಬದಲಾಯಿಸುವ ದಿನ ಮನೆಯಲ್ಲಿರಿ

ಬಂದವರ ಗುರುತಿನ ಚೀಟಿ ನೋಡಿ. ದುಡ್ಡು ಕೇಳಿದರೆ ರಸೀದಿ ಕೇಳಿ. ಆಮೇಲೆ ಹಳೇ ಮೀಟರ್ ಬಿಚ್ಚುವ ಮೊದಲು ಅದರ ಫೋಟೋ ತೆಗೆಯಿರಿ, ಅಂಕಿಯೂ ಮೀಟರ್ ನಂಬರೂ ಒಂದೇ ಫೋಟೋದಲ್ಲಿ ಬರಬೇಕು. ಹಳೇ ಮೀಟರ್ ಹೊತ್ತುಕೊಂಡು ಹೋದ ಮೇಲೆ ಕೊನೆಯ ರೀಡಿಂಗ್ ಬಗ್ಗೆ ತಕರಾರು ಬಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಆ ಫೋಟೋ ಒಂದೇ. ಹೊಸದರ ಫೋಟೋ ಕೂಡ ತೆಗೆಯಿರಿ. ಅದು ಸೊನ್ನೆಯಿಂದಲೇ ಶುರುವಾಗಬೇಕೆಂದಿಲ್ಲ, ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವಾಗ ಸ್ವಲ್ಪ ನೀರು ಹರಿಸಿರುತ್ತಾರೆ. ಎರಡೂ ಅಂಕಿ ಅವರ ಕಾಗದದಲ್ಲಿ ಬರೆದಿರಬೇಕು, ಅದರದ್ದೂ ಒಂದು ಫೋಟೋ ಇರಲಿ.

ಜೋಡಿಸುವಾಗ ಪಕ್ಕದಲ್ಲೇ ನಿಂತು ಇಷ್ಟು ನೋಡಿ:

- ಮೀಟರ್ ಮೈಮೇಲಿನ ಬಾಣ ಮನೆಯ ಕಡೆಗೆ ಇರಬೇಕು. ನಗಬೇಡಿ, ತಿರುಗಿಸಿ ಹಾಕುವುದೂ ಉಂಟು.
- ಮಲ್ಟಿಜೆಟ್ ಆದರೆ ಅಡ್ಡಕ್ಕೆ ಮಲಗಿಸಿ, ಮುಖ ಆಕಾಶ ನೋಡುವ ಹಾಗೆ ಕೂರಬೇಕು. ವಾರೆಯಾದರೆ ಸಣ್ಣ ಹರಿವು ತಪ್ಪುತ್ತದೆ. ಅಲ್ಟ್ರಾಸಾನಿಕ್‌ಗೆ ಸಾಧಾರಣವಾಗಿ ಈ ಕಟ್ಟುಪಾಡು ಇಲ್ಲ.
- ಮೀಟರ್‌ನ ಮೂತಿಗೇ ಎಲ್ಬೋ ಬೇಡ. ಹಳೇ ರೂಢಿ ಪ್ರಕಾರ ಹಿಂದೆ ಪೈಪಿನ ಅಗಲದ ಹತ್ತು ಪಟ್ಟು, ಮುಂದೆ ಐದು ಪಟ್ಟು ನೇರ ಪೈಪು ಬಿಡಬೇಕು. 15 ಮಿ.ಮೀ. ಪೈಪಿಗೆ ಒಂದು ಗೇಣಿಗಿಂತ ಕಮ್ಮಿ, ಅಂದರೆ 15 ಸೆಂ.ಮೀ. ಮತ್ತು 7.5 ಸೆಂ.ಮೀ. ಕೆಲವು ಹೊಸ ಮೀಟರ್‌ಗಳಿಗೆ ಇದು ಬೇಡವೆಂದು ಕಂಪನಿಯೇ ಹೇಳಿರುತ್ತದೆ, ಅದರ ಕಾಗದ ಕೇಳಿ ನೋಡಿ.
- ಜೋಡಿಸುವ ಮೊದಲು ಪೈಪಿನಿಂದ ಒಂದು ಬಕೆಟ್ ನೀರು ಹೊರಗೆ ಬಿಡಿಸಿ. ರಸ್ತೆ ಅಗೆದ ಕೆಂಪು ಮಣ್ಣು, ಪೈಪ್ ಕೊಯ್ದ ಪುಡಿ, ಟೆಫ್ಲಾನ್ ಟೇಪಿನ ಎಳೆ ಎಲ್ಲ ಸೀದಾ ಮೀಟರ್‌ನ ಜಾಲರಿಗೆ ಹೋಗಿ ಕೂರುತ್ತವೆ. "ಹೊಸ ಮೀಟರ್ ಬಂದ ಮೇಲೆ ನೀರಿನ ಫೋರ್ಸ್ ಇಲ್ಲ" ಅನ್ನುವವರು ಮೊದಲು ಈ ಜಾಲರಿ ತೆಗೆಸಿ ನೋಡಿ.
- ವಾಲ್ವನ್ನು ನಿಧಾನ ತೆರೆಯಲಿ. ಒಮ್ಮೆಲೇ ತೆರೆದರೆ ಗಾಳಿಯ ಹೊಡೆತಕ್ಕೆ ಚಕ್ರ ಹಾಳಾಗುತ್ತದೆ.

ಕೊನೆಗೆ ಸೀಲ್. ಅದನ್ನು ಆಮೇಲೆ ನಿಮ್ಮ ಪ್ಲಂಬರ್ ಕೂಡ ಮುಟ್ಟಬಾರದು. ಅಯಸ್ಕಾಂತ ಇಟ್ಟರೆ ಮೀಟರ್ ನಿಲ್ಲುತ್ತದೆ ಅನ್ನುವ ವಿಡಿಯೋಗಳನ್ನು ನಂಬಬೇಡಿ. ಈಗಿನ ಮೀಟರ್‌ಗಳಲ್ಲಿ ಅದಕ್ಕೆ ತಡೆ ಇರುತ್ತದೆ, ರೇಡಿಯೋ ಇದ್ದರೆ ಅಯಸ್ಕಾಂತ ಇಟ್ಟ ಸುದ್ದಿಯೂ ಕಚೇರಿಗೆ ಹೋಗಬಹುದು.

6. ರೀಡಿಂಗ್ ಹೇಗೆ ಹೋಗುತ್ತದೆ ಅಂತ ಕೇಳಿ

ಸ್ಮಾರ್ಟ್ ಅಂದ ಕೂಡಲೇ ಅಳತೆಯೂ ಚೆನ್ನಾಗಿರುತ್ತದೆ ಅಂತ ಅಲ್ಲ. ಅಳೆಯುವ ಭಾಗ ಬೇರೆ, ಕಳಿಸುವ ಭಾಗ ಬೇರೆ. ಕಳಿಸುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸಿಬ್ಬಂದಿ ಕೈಯಲ್ಲೊಂದು ಯಂತ್ರ ಹಿಡಿದು ರಸ್ತೆಯಲ್ಲಿ ನಡೆದು ಹೋದರೆ ಸಾಕು, ಗೇಟಿನೊಳಗೆ ಬರದೆಯೇ ರೀಡಿಂಗ್ ಸಿಗುತ್ತದೆ. ಇನ್ನೊಂದರಲ್ಲಿ ಮನುಷ್ಯರೇ ಬರುವುದಿಲ್ಲ. ಮೀಟರ್ ತಾನೇ ಲೋರಾ ಅನ್ನುವ ಕಡಿಮೆ ಬ್ಯಾಟರಿ ತಿನ್ನುವ ರೇಡಿಯೋದಲ್ಲೋ, ಮೊಬೈಲ್ ಟವರ್ ಮೂಲಕವೋ ದಿನಾ ಲೆಕ್ಕ ಕಳಿಸುತ್ತದೆ.

ನಮ್ಮ ಊರಿನ ಏರು ತಗ್ಗು, ಮುರಕಲ್ಲಿನ ದಪ್ಪ ಕಂಪೌಂಡ್, ಮೇಲೆ ಕಬ್ಬಿಣದ ಮುಚ್ಚಳ, ಜುಲೈಯಲ್ಲಿ ಗುಂಡಿ ತುಂಬ ನೀರು. ರೇಡಿಯೋಗೆ ಇದಕ್ಕಿಂತ ಕಷ್ಟದ ಜಾಗ ಬೇರೆ ಬೇಡ. ಮುಚ್ಚಳ ಪ್ಲಾಸ್ಟಿಕ್ ಅಥವಾ ಫೈಬರ್‌ನದ್ದು ಇರಲಿ. ಗುಂಡಿಯಲ್ಲಿ ನೀರು ನಿಲ್ಲದ ಹಾಗೆ ಒಂದು ತೂತು ಬಿಡಿಸಿ. ಮೀಟರ್ ಐಪಿ68, ಅಂದರೆ ನೀರಲ್ಲಿ ಮುಳುಗಿದರೂ ಕೆಡದ ದರ್ಜೆಯದ್ದೇ ಅಂತ ಕೇಳಿ.

ಬ್ಯಾಟರಿ ಹತ್ತು ವರ್ಷ ಬರುತ್ತದೆ ಅನ್ನುತ್ತಾರೆ. ಎಷ್ಟು ಸಲ ಲೆಕ್ಕ ಕಳಿಸುತ್ತದೆ ಅನ್ನುವುದರ ಮೇಲೆ ಅದು ಹೆಚ್ಚುಕಮ್ಮಿ ಆಗುತ್ತದೆ. ರೇಡಿಯೋ ಸತ್ತರೂ ಪರದೆಯಲ್ಲಿ ಅಥವಾ ಡಯಲ್‌ನಲ್ಲಿ ಅಂಕಿ ಕಾಣುತ್ತದಾ? ಇದನ್ನು ಈಗಲೇ ಕೇಳಿಟ್ಟುಕೊಳ್ಳಿ.

ದುಬೈ, ಮಸ್ಕತ್‌ನಲ್ಲಿದ್ದು ಇಲ್ಲಿ ಮನೆಗೆ ಬೀಗ ಹಾಕಿದವರಿಗೆ ಸೋರಿಕೆ ಎಚ್ಚರಿಕೆ ಬಂದರೆ ದೊಡ್ಡ ಉಪಕಾರ. ಅದೇ ಲೆಕ್ಕದಲ್ಲಿ ಮನೆ ಖಾಲಿ ಇದೆ ಅಂತಲೂ ಗೊತ್ತಾಗುತ್ತದೆ, ಹಾಗಾಗಿ ಆ ಲೆಕ್ಕ ನೋಡುವ ಲಾಗಿನ್ ಇದ್ದರೆ ಅದನ್ನು ಮನೆ ನೋಡಿಕೊಳ್ಳುವವರು, ಏಜೆಂಟ್ ಅಂತ ಎಲ್ಲರಿಗೂ ಹಂಚಬೇಡಿ. "ಬಿಲ್ ಬಾಕಿ ಇದೆ, ಇವತ್ತು ರಾತ್ರಿ ನೀರು ಕಟ್, ಈ ನಂಬರಿಗೆ ಫೋನ್ ಮಾಡಿ" ಅಂತ ಮೆಸೇಜ್ ಬಂದರೆ ಅದು ಮೋಸ. ಮೀಟರ್‌ಗೂ ನಿಮ್ಮ ಬ್ಯಾಂಕ್ ಒಟಿಪಿಗೂ ಸಂಬಂಧವೇ ಇಲ್ಲ.

ಫ್ಲ್ಯಾಟಿನವರಿಗೆ ಒಂದು ಮಾತು

ಕಟ್ಟಡಕ್ಕೆ ಸಾಮಾನ್ಯವಾಗಿ ಒಂದೇ ದೊಡ್ಡ ಮೀಟರ್. ಒಳಗೆ ಮನೆಗೊಂದು ಹಾಕಿಸುವುದು ಅಸೋಸಿಯೇಷನ್ ಕೆಲಸ. ಕೊಟೇಶನ್ ತಗೊಳ್ಳುವ ಮೊದಲು ಟೆರೇಸಿಗೆ ಹೋಗಿ ಪೈಪು ಎಣಿಸಿ. ಅಡುಗೆಮನೆಗೊಂದು, ಪ್ರತಿ ಬಾತ್‌ರೂಮಿಗೊಂದು ಅಂತ ಒಂದೇ ಫ್ಲ್ಯಾಟಿಗೆ ಮೂರು ನಾಲ್ಕು ಪೈಪು ಇಳಿದಿರುತ್ತವೆ, ಅಷ್ಟೂ ಪೈಪಿಗೆ ಮೀಟರ್ ಬೇಕು. "ಮನೆಗೆ ಒಂದು ಮೀಟರ್" ಅಂತ ಬಜೆಟ್ ಮಾಡಿದ ಅಸೋಸಿಯೇಷನ್‌ಗಳು ಎಡವುವುದು ಇಲ್ಲೇ.

ಮೇಲಿನ ಮಹಡಿಯವರ ಗಲಾಟೆಗೂ ತಯಾರಾಗಿ. ಮೀಟರ್ ದಾಟುವಾಗ ನೀರಿನ ಒತ್ತಡ ಸ್ವಲ್ಪ ಇಳಿಯುತ್ತದೆ. ಪೂರ್ತಿ ಹರಿವಿನಲ್ಲಿ 0.63 ಬಾರ್ ತನಕ ಇಳಿಯಲು ಮಾನದಂಡದಲ್ಲೇ ಅವಕಾಶ ಉಂಟು. ಅದು ಸುಮಾರು ಆರು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಟ್ಯಾಂಕಿನಿಂದ ಮೂರೇ ಮೀಟರ್ ಕೆಳಗಿರುವ ಶವರ್‌ಗೆ ಅಷ್ಟು ಒತ್ತಡವೇ ಇರುವುದಿಲ್ಲ, ನೀರು ದಾರದ ಹಾಗೆ ಬೀಳುತ್ತದೆ. ಅಂಥ ಮನೆಗಳಿಗೆ ಒಂದು ಅಳತೆ ದೊಡ್ಡ ಮೀಟರ್ ಅಥವಾ ಅಲ್ಟ್ರಾಸಾನಿಕ್ ಹಾಕಿಸಿ.

7. ಮೊದಲ ಮೂರು ತಿಂಗಳು ನೀವೇ ಲೆಕ್ಕ ಇಡಿ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವಾರಕ್ಕೊಮ್ಮೆ ರೀಡಿಂಗ್ ಬರೆಯಿರಿ. ನೆಂಟರು ಬಂದ ವಾರ, ಊರಿಗೆ ಹೋದ ವಾರ ಗುರುತು ಮಾಡಿ. ಊರಿಗೆ ಹೋದ ವಾರವೂ ಅಂಕಿ ಓಡಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ.

ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೂ ಅನುಮಾನ ಇದ್ದರೆ ಕ್ಯಾನ್ ಪರೀಕ್ಷೆ. ಮೀಟರ್‌ನಿಂದ ನೇರ ಬರುವ ನಲ್ಲಿ ಬೇಕು, ಟ್ಯಾಂಕಿನ ನಲ್ಲಿ ಆಗುವುದಿಲ್ಲ. ಪೈಪಿನ ಗಾಳಿ ಹೋಗುವ ತನಕ ನೀರು ಬಿಡಿ. ಆಮೇಲೆ ರೀಡಿಂಗ್ ಬರೆದುಕೊಂಡು, ನಲ್ಲಿ ಪೂರ್ತಿ ತೆರೆದು 20 ಲೀಟರ್ ಕ್ಯಾನನ್ನು ಐದು ಸಲ ತುಂಬಿಸಿ. ಕೆಂಪು ಅಂಕಿ 100 ಲೀಟರ್ ಮುಂದೆ ಹೋಗಬೇಕು. ಈ ಹರಿವಿನಲ್ಲಿ ಹೊಸ ಮೀಟರ್‌ಗೆ ಶೇ. 2ರಷ್ಟು ಆಚೀಚೆ ಆಗಲು ಅವಕಾಶ ಉಂಟು, ನಿಮ್ಮ ಕ್ಯಾನ್ ತುಂಬಿಸುವುದರಲ್ಲೂ ಒಂದೆರಡು ಲೀಟರ್ ತಪ್ಪುತ್ತದೆ. ಹಾಗಾಗಿ 96, 104 ಬಂದರೆ ಜಗಳಕ್ಕೆ ಹೋಗಬೇಡಿ. ಮೂರು ಸಲ ಮಾಡಿದರೂ 110 ದಾಟುತ್ತಿದ್ದರೆ ಬಿಡಬೇಡಿ.

ಆಗ ಅರ್ಜಿ ಬರೆಯಿರಿ. ಮಂಗಳೂರಿನವರಾದರೆ ಲಾಲ್‌ಬಾಗ್‌ನ ಪಾಲಿಕೆ ಕಚೇರಿಗೆ, ಉಡುಪಿಯವರಾದರೆ ನಗರಸಭೆಗೆ. "ಬಿಲ್ ಜಾಸ್ತಿ ಬಂದಿದೆ, ಸರಿ ಮಾಡಿಕೊಡಿ" ಅಂತ ಬರೆದರೆ ಅದು ಫೈಲಿನಲ್ಲಿ ಮಲಗುತ್ತದೆ. ಬಿಲ್ಲಿನ ಸಂಪರ್ಕ ಸಂಖ್ಯೆ, ಮೀಟರ್ ನಂಬರ್, ಬದಲಾಯಿಸಿದ ದಿನದ ಎರಡೂ ರೀಡಿಂಗ್, ಕ್ಯಾಲೆಂಡರಿನ ಲೆಕ್ಕ, ಕ್ಯಾನ್ ಪರೀಕ್ಷೆಯ ಮೂರು ಅಂಕಿ ಹಾಕಿ, ಮೀಟರನ್ನು ಬಿಚ್ಚಿ ಪರೀಕ್ಷಾ ಬೆಂಚಿನಲ್ಲಿ ಪರೀಕ್ಷೆ ಮಾಡಿಸಿ ಅಂತ ಸ್ಪಷ್ಟವಾಗಿ ಕೇಳಿ. ಪರೀಕ್ಷೆಗೆ ಶುಲ್ಕ ಎಷ್ಟು, ಮೀಟರ್‌ನದ್ದೇ ತಪ್ಪು ಅಂತಾದರೆ ಅದು ವಾಪಸ್ ಬರುತ್ತದಾ ಅಂತಲೂ ಮೊದಲೇ ಕೇಳಿ. ಅರ್ಜಿಯ ಪ್ರತಿಗೆ ಸೀಲ್ ಹಾಕಿಸಿಕೊಂಡೇ ಹೊರಗೆ ಬನ್ನಿ. ಇಷ್ಟೆಲ್ಲ ನಡೆಯುವಾಗ ಹಳೇ ಸರಾಸರಿಯಷ್ಟಾದರೂ ಬಿಲ್ಲು ಕಟ್ಟುತ್ತಾ ಇರಿ, ಇಲ್ಲದಿದ್ದರೆ ಮೀಟರ್ ಜಗಳ ಬಿಟ್ಟು ಬಾಕಿ ಜಗಳ ಶುರುವಾಗುತ್ತದೆ.